ಚಿಮಣಿ

ಬೋಳಾರದ ಹಂಚಿನ ಕಾರ್ಖಾನೆ ನಿಂತುಹೋದದ್ದು
ನಾನು ಹುಟ್ಟುವ ಮೊದಲು.
ಹಂಚು ಸುಡುವ ಗೂಡು ಉಂಟು, ಬೆಂಕಿ ಇಲ್ಲ.
ಒಳಗೆ ಕೂತರೆ ಮಳೆ ಬೀಳುವುದಿಲ್ಲ, ಪೊಲೀಸರು ಬರುವುದಿಲ್ಲ
ಅಂತ ಲಾಯ್ಸ್ಟನ್ ಹೇಳಿದ.
ಮಳೆಯ ಮಾತು ನಿಜವಾಯಿತು.

ಮೊದಲ ದಿನ ಕೆಮ್ಮು ಹತ್ತಿ
ಕಣ್ಣು ಮೂಗು ಒಟ್ಟಿಗೆ ಸುರಿಯುವಾಗ
ಇಫಾಝ್ ಬೆನ್ನು ತಟ್ಟಿ ನಕ್ಕ:
"ಇವ ನಮ್ಮ ಚಿಮಣಿ ಮಾರಾಯ."
ಕ್ಲಾಸಿನಲ್ಲಿ ನಾನು ಅರವತ್ತಮೂರು.
ಆ ಅಂಕೆಗೂ ನನ್ನ ಮುಖಕ್ಕೂ
ಯಾವ ಲೆಕ್ಚರರೂ ಗಂಟು ಹಾಕಿರಲಿಲ್ಲ.
ಹೆಸರು ಅಂದರೆ ಇಷ್ಟು ಸುಲಭವಾ,
ಕೆಮ್ಮಿದರೆ ಸಾಕಾ?

ನಿಜ ಹೇಳಬೇಕಾದರೆ, ಹೊಗೆಗಿಂತ ಮೊದಲು
ನನ್ನನ್ನು ಹಿಡಿದದ್ದು ನನ್ನದೇ ಬೆರಳು.
ಅಮ್ಮ ಬೀಡಿ ಕಟ್ಟುವವಳು.
ನಾನು ಒಂದನೇ ಕ್ಲಾಸಿನಿಂದ ಅವಳ ತಡ್ಪೆಯ ಬದಿಯಲ್ಲಿ ಕೂತು
ಎಲೆ ಸುರುಳಿಸಿ ತುದಿ ಒತ್ತಿ ಬೆಳೆದವ.
ಅವರು ಕಾಗದ ಹರಿದು, ಚೆಲ್ಲಿ, ಬೈದುಕೊಳ್ಳುವಾಗ
"ಕೊಡಿ ಇಲ್ಲಿ" ಅಂದೆ.
ಒಂದು ಚೂರೂ ಕೆಳಗೆ ಬೀಳಲಿಲ್ಲ.
ಮೂವರೂ ನನ್ನ ಕೈಯನ್ನೇ ನೋಡುತ್ತ ಕೂತರು,
ಚೌಕಿಯಲ್ಲಿ ವೇಷ ಕಟ್ಟುವುದನ್ನು
ಮಕ್ಕಳು ನೋಡುವ ಹಾಗೆ.

ಅಲ್ಲಿ ಏನು ಮಾತಾಡಿದಿರಿ ಎಂದು ಎಲ್ಲರೂ ಕೇಳುತ್ತಾರೆ.
ನೆನಪಿಲ್ಲ.
ಯಾವ ಭಾಷೆಯಲ್ಲಿ ಎಂಬುದು ನೆನಪುಂಟು: ಎಲ್ಲದರಲ್ಲಿ.
ಲಾಯ್ಸ್ಟನ್ ಕೊಂಕಣಿಯಲ್ಲಿ ಬೈದರೆ
ಇಫಾಝ್ ಬ್ಯಾರಿಯಲ್ಲಿ ತಿರುಗಿಸಿ ಕೊಡುವನು,
ನಾನು ತುಳು ಹಿಡಿದು ನಡುವೆ ಬೀಳುವೆನು.
ಹಾಸ್ಟೆಲಿನ ಮೌನೇಶ, ಸುರಪುರದವ,
ಕ್ಲಾಸಿನಲ್ಲಿ "ಹೌದ್ರಿ" ಅಂದರೆ ಬೆಂಚೆಲ್ಲ ಕಿಸಕ್ಕೆನ್ನುತ್ತಿತ್ತು;
ಗೂಡಿನೊಳಗೆ ಅವನ "ಯಾಕಲೇ" ನಮ್ಮ ಬಾಯಿಗೂ ಬಂತು.
ಯಾವ ಓಣಿಗೆ ಯಾವ ಬಾವುಟ ಎಂದು
ಸಣ್ಣ ಮಕ್ಕಳಿಗೂ ಗೊತ್ತಿರುವ ಊರು ಇದು.
ಒಂದೇ ತುಂಡು ನಾಲ್ಕು ತುಟಿ ಸುತ್ತಿ ಬರುವಾಗ
ಯಾರೂ ಎಂಜಲು ಅನ್ನಲಿಲ್ಲ.
ಅದನ್ನು ಕೆಟ್ಟದ್ದು ಎಂದು ಈಗಲೂ ಹೇಳಲಾರೆ.
ಉಳಿದದ್ದೆಲ್ಲ ಕೆಟ್ಟದ್ದು.

ಪುಡಿ ಬಂತು.
ಪುಡಿಗೆ ಸುತ್ತುವವ ಬೇಡ, ದುಡ್ಡು ತರುವವ ಬೇಕು.
ಅಮ್ಮನ ಬೋನಸ್ಸು ತಂದೆ. ಆಮೇಲೆ ಅವಳ ಕಿವಿಯದ್ದು.
ಮೂರು ರಾತ್ರಿ ನಿದ್ದೆ ಇಲ್ಲದ ಮೌನೇಶ
ಒಡೆದ ಹಂಚಿನ ಮೇಲೆ ಒತ್ತಿದ ಕಂಪೆನಿಯ ಹೆಸರನ್ನು
ತನ್ನ ಅಪ್ಪನ ಹೆಸರು ಎಂದು ಗಟ್ಟಿಯಾಗಿ ಓದಿದ.
ನಾವು ನಕ್ಕೆವು.
ನಾವು ನಕ್ಕೆವು ಎಂಬುದನ್ನು ಬರೆದಿಡಬೇಕು.

ಸ್ಟೇಷನ್ನಿನಲ್ಲಿ ಬಾಟಲಿಗೆ ಮೂತ್ರ ಹಿಡಿದುಕೊಟ್ಟು
ಬೆಂಚಿನಲ್ಲಿ ಸಾಲಾಗಿ ಕೂತಾಗ
ಪೂರ್ತಿ ಹೆಸರು ಕೇಳಿದರು.
ಕೀರ್ತೇಶ್ ಪೂಜಾರಿ.
ಲಾಯ್ಸ್ಟನ್ ಕ್ರಾಸ್ತಾ.
ಮೊಹಮ್ಮದ್ ಇಫಾಝ್.
ಮೌನೇಶನ ಹೆಸರಿಗೆ ಬಾಲ ಇಲ್ಲ;
ಜಾತಿ ಯಾವುದು ಎಂದು ಬೇರೆಯಾಗಿ ಕೇಳಿದರು.
ಬೆಂಚು ಅಷ್ಟೇ ಉದ್ದ ಇತ್ತು,
ನಡುವೆ ಜಾಗ ಎಲ್ಲಿಂದ ಬಂತೋ ಗೊತ್ತಿಲ್ಲ.
ಹೊರಗೆ ಮೂರು ತಾಯಂದಿರು ದೂರ ದೂರ ನಿಂತು
ಒಂದೇ ಮಾತು ಹೇಳುತ್ತಿದ್ದರು:
"ನಮ್ಮವ ಪಾಪ. ಆ ಹುಡುಗ ಹಾಳು ಮಾಡಿದ್ದು."
ಆ ಹುಡುಗ ಯಾರು ಎಂಬುದು ಮಾತ್ರ ಬೇರೆ ಬೇರೆ.
ಮೌನೇಶನ ತಾಯಿ ರೈಲಿನಲ್ಲಿದ್ದಳು.

ಬಿಡಿಸುವ ಕೇಂದ್ರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು
ಸುತ್ತ ಇಟ್ಟಿದ್ದರು. ಮತ್ತೆ ಸುತ್ತ.
ನೀನು ಯಾರು, ಹೇಳು, ಅಂದರು ಮೇಡಂ, ಮೆಲ್ಲಗೆ.
ಬಾಯಿ ತೆರೆದೆ. ಬರಲಿಕ್ಕಿದ್ದದ್ದು ಒಂದೇ ಹೆಸರು.
ನುಂಗಿದೆ.

ಮೊನ್ನೆ ಹಂಪನಕಟ್ಟೆಯಲ್ಲಿ
ಬಸ್ಸಿನ ಫುಟ್‌ಬೋರ್ಡಿನಲ್ಲಿ ಇಫಾಝ್.
ಕಣ್ಣಿಗೆ ಕಣ್ಣು ಸಿಕ್ಕಿತು.
ಅವನೂ ನಾನೂ ಒಟ್ಟಿಗೆ ಮೊಬೈಲು ನೋಡಿದೆವು.
ಕಂಡಕ್ಟರ್ ಸೀಟಿ ಊದಿದ.

ಮನೆಯಲ್ಲಿ ಅಮ್ಮ ಈಗ ತಡ್ಪೆ ಒಳಗಿಟ್ಟು,
ಬಾಗಿಲು ಹಾಕಿಕೊಂಡು ಕಟ್ಟುತ್ತಾಳೆ.
ನಿನ್ನೆ ಬ್ರಾಂಚಿಗೆ ಕೊಡುವ ಹೊತ್ತಿಗೆ ಎರಡು ಕಟ್ಟು ಕಮ್ಮಿ.
ಬಾಗಿಲು ತೆರೆದಳು. ಏನೂ ಹೇಳಲಿಲ್ಲ.
ಕತ್ತರಿಯನ್ನು ನನ್ನ ಕಡೆ ದೂಡಿದಳು.

ಕಟ್ಟಿದೆ. ಐವತ್ತು.
ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು,
ಎಷ್ಟು ಚಂದ ಮಾಡುತ್ತದೆ ಎಂದು
ಹೆದರಿ.